ಏಳನೇ ತಿಂಗಳಲ್ಲಿ ಬರಿದಾಗುವ ತಟ್ಟೆ

ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ರಾಜ್ಯ ನಮ್ಮದು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಏಳು ಜಿಲ್ಲೆಗಳಲ್ಲಿ ಶುರುವಾದಾಗ ಕೆಲವು ಮಠಾಧೀಶರು ಮೊಟ್ಟೆಯನ್ನು ವಿರೋಧಿಸಿದರು. ಅದನ್ನೆಲ್ಲ ದಾಟಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ರಾಜ್ಯದ ಎಲ್ಲ ಕಡೆ ಆರು ದಿನಕ್ಕೆ ಏರಿತು. ಕರಾವಳಿಯ ಮಗುವಿಗೆ ಬಂಗುಡೆ, ಬೂತಾಯಿ ಸಾರು ಮನೆಯಲ್ಲೇ ಸಿಕ್ಕೀತು. ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಬಡವರ ಮನೆಯಲ್ಲಿ ಮುದ್ದೆ ಉಳಿಯುತ್ತದೆ, ಕಾಳಿನ ಸಾರು ನೀರಾಗುತ್ತದೆ. ಅಂಥಲ್ಲಿ ಒಂದು ಮೊಟ್ಟೆಯ ಆರು ಗ್ರಾಂ ಪ್ರೋಟೀನ್‌ಗೆ ಅದರ ಬದಲು ಕೊಡುವ ಬಾಳೆಹಣ್ಣು ಸಮವೆಂದು ನಾನು ಒಪ್ಪಲಾರೆ.

ಇಷ್ಟಾದರೂ ಆ ಮೊಟ್ಟೆ ಕೈಗೆ ಬರುವ ಹೊತ್ತಿಗೆ ಮಗುವಿಗೆ ಆರು ವರ್ಷ. ಎತ್ತರ ಕುಂಠಿತವಾಗುವುದು ಹೆಚ್ಚಾಗಿ ಗರ್ಭದಿಂದ ಎರಡನೇ ಹುಟ್ಟುಹಬ್ಬದವರೆಗಿನ ಅವಧಿಯಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 36.2ರಷ್ಟು ಕುಳ್ಳಾಗಿದ್ದರು, 2019ರಲ್ಲಿ ನಡೆದ ಐದನೇ ಸುತ್ತಿನಲ್ಲಿ ಶೇ 35.4. ಹೆಚ್ಚುಕಡಿಮೆ ಇದ್ದಲ್ಲೇ ಇದ್ದೇವೆ. ರಕ್ತಹೀನತೆಯಂತೂ ಶೇ 60.9ರಿಂದ 65.5ಕ್ಕೆ ಏರಿತು. 2013ರ ಕ್ಷೀರಭಾಗ್ಯ, ಆಮೇಲೆ ಬಂದ ರಾಗಿ ಮಾಲ್ಟ್ ಎರಡೂ ಒಳ್ಳೆಯವೇ. ಆದರೆ ಶಾಲೆಯಲ್ಲಿ ಕೊಡುವುದು ಶಾಲೆಯ ಬಾಗಿಲು ಮುಟ್ಟದ ಕೂಸಿಗೆ ತಲುಪುವುದಿಲ್ಲ.

ಅಂಗನವಾಡಿ ಇರುವುದೇ ಆ ಕೂಸಿಗಾಗಿ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು. ಮನೆಗೆ ಒಯ್ದ ರೇಷನ್ ಎಲ್ಲರ ಪಾತ್ರೆಗೆ ಬಿದ್ದು ಬಸುರಿಯ ಪಾಲು ಕರಗುತ್ತಿತ್ತು, ಅದಕ್ಕೇ ಈ ಏರ್ಪಾಟು. ಆಲೋಚನೆ ಸರಿಯಾಗಿತ್ತು. ಬೇಸರ ಬೇರೆಯದು. ಬಾಣಂತಿಯ ಊಟ ಆರು ತಿಂಗಳಿಗೆ ನಿಲ್ಲುತ್ತದೆ. ಮಗುವಿಗೆ ಎದೆಹಾಲಿನ ಜೊತೆ ಮೇಲೂಟ ಶುರುವಾಗಬೇಕಾದದ್ದೂ ಆಗಲೇ. ಏಳನೇ ತಿಂಗಳಿಂದ ಮೂರು ವರ್ಷದವರೆಗೆ ಅದಕ್ಕೆ ಸಿಗುವುದು ಮನೆಗೊಯ್ಯುವ ಪುಷ್ಟಿ ಹಿಟ್ಟು. ಯಾವ ಕಾರಣಕ್ಕೆ ತಾಯಿಗೆ ರೇಷನ್ ಬೇಡವೆಂದರೋ ಅದನ್ನೇ ಮಗುವಿನ ವಿಷಯದಲ್ಲಿ ಮರೆತರು.

ಹಿಟ್ಟು ಮನೆಗೆ ಬಂದ ಮೇಲೆ ಏನಾಗುತ್ತದೆ ನೋಡಿ. ತಾಯಿ ಕಳೆ ತೆಗೆಯಲೋ ಅಡಿಕೆ ಸುಲಿಯಲೋ ಹೋಗಿರುತ್ತಾಳೆ. ಅಜ್ಜಿ ಹಿಟ್ಟು ಕದಡಿ ಒಲೆಗಿಡುತ್ತಾಳೆ, ಅದು ಗಟ್ಟಿಯಾಗುತ್ತದೆ, ಕೂಸು ನುಂಗದೆ ಉಗುಳುತ್ತದೆ, ಅಜ್ಜಿ ನೀರು ಸುರಿಯುತ್ತಾಳೆ. ಎಂಟು ಕೆಜಿ ತೂಗುವ ಕೂಸಿನ ಹೊಟ್ಟೆ ಹಿಡಿಯುವುದು ಸುಮಾರು 240 ಮಿಲಿ ಲೀಟರ್. ಅದು ನೀರಿನಿಂದಲೇ ತುಂಬುತ್ತದೆ. ಮಗು ಅಳು ನಿಲ್ಲಿಸುತ್ತದೆ, ಅಜ್ಜಿಗೆ ಉಣ್ಣಿಸಿದ ಸಮಾಧಾನ. ಅಜ್ಜಿಯದು ತಪ್ಪೆನ್ನುವಂತಿಲ್ಲ. ಇದಕ್ಕೆ ಪರಿಹಾರ ಈ ಸೀಮೆಯ ಹೆಂಗಸರಿಗೆ ಗೊತ್ತಿರುವುದೇ: ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಸರಿಹಿಟ್ಟು. ಮೊಳಕೆಯ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ, ಅಷ್ಟೇ ಬಟ್ಟಲಲ್ಲಿ ಹೆಚ್ಚು ಶಕ್ತಿ ಹೊಟ್ಟೆ ಸೇರುತ್ತದೆ. ಕಬ್ಬಿಣಾಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಆದರೆ ದಿನಗೂಲಿಯ ಮನೆಯಲ್ಲಿ ಇಷ್ಟೆಲ್ಲ ಮಾಡಲು ಪುರುಸೊತ್ತೆಲ್ಲಿ? ಐದು ರೂಪಾಯಿಯ ಬಿಸ್ಕತ್ತು ಟೀಯಲ್ಲಿ ಅದ್ದಿದರೆ ಮುಗಿಯಿತು. ಆ ಟೀ ಊಟದಲ್ಲಿನ ಕಬ್ಬಿಣಾಂಶಕ್ಕೂ ಅಡ್ಡಬರುತ್ತದೆ.

2023ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಿಗೆ ಘೋಷಿಸಿದ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಈ ಕೊರತೆಯನ್ನು ಸರಿಯಾಗಿ ಗುರುತಿಸಿದ ಯೋಜನೆ. ಅದನ್ನು ಮುಖ್ಯವಾಗಿ ನರೇಗಾ ಕೂಲಿಯ ತಾಯಂದಿರಿಗೆಂದು ರೂಪಿಸಿದ್ದು ನನಗೆ ಹಿಡಿಸಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಕೆಲಸ ರಾತ್ರಿಗೂ ಸಾಗುತ್ತದೆ; ಬಾಗಿಲು ತೆರೆಯುವ ಹೊತ್ತನ್ನು ಆ ಸುಗ್ಗಿ ನೋಡಿ ಗೊತ್ತುಮಾಡಬೇಕು, ಯಾರ ತೋಟದ ಕೂಲಿಯಾದರೂ ಕೂಸನ್ನು ಬಿಡಲು ಅವಕಾಶವಿರಬೇಕು. ಅದಕ್ಕಿಂತ ಮೊದಲು ಆಗಬೇಕಾದ ತಿದ್ದುಪಡಿ ಒಂದಿದೆ: ಬಾಣಂತಿಯ ಬಿಸಿಯೂಟವನ್ನು ಮಗುವಿಗೆ ಎರಡು ವರ್ಷ ತುಂಬುವವರೆಗೆ ಮುಂದುವರಿಸಿ, ತಾಯಿಯ ತಟ್ಟೆಯ ಪಕ್ಕದಲ್ಲೇ ಕೂಸಿಗೊಂದು ಬಟ್ಟಲು ಸರಿ, ಅರ್ಧ ಮೊಟ್ಟೆ ಇಡುವುದು. ಅಂಗನವಾಡಿ ಕಾರ್ಯಕರ್ತೆಗೆ ಈಗಿರುವ ದಾಖಲೆ, ಸಮೀಕ್ಷೆಗಳ ಹೊರೆ ಇಳಿಸಿ, ಉಣ್ಣಿಸಲು ಇನ್ನೊಬ್ಬ ಸಹಾಯಕಿಯನ್ನು ಕೊಡದೆ ಇದನ್ನು ಆಕೆಯ ಮೇಲೆ ಹೇರಬಾರದು.