ಸದ್ದಿಲ್ಲದ ನಡಿಗೆ

ಅನಮೋಡ ಘಾಟಿ ಇಳಿದು ಗೋವಾದ ಮೊಲ್ಲೆಂ ಕಾಡು ಹೊಕ್ಕಾಗಲೆಲ್ಲ ನನಗೆ 1961ರ ಡಿಸೆಂಬರ್ 18 ನೆನಪಾಗುತ್ತದೆ. ಪೋರ್ಚುಗೀಸರ ಕೈಯಿಂದ ಗೋವಾ ಬಿಡಿಸಲು ಬೆಳಗಾವಿಯಲ್ಲಿ ಜಮಾಯಿಸಿದ್ದ, ಭಾರತೀಯ ಸೇನೆಯ ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಷನ್ನಿನ 63ನೇ ಬ್ರಿಗೇಡ್ ಈ ದಾರಿಯಲ್ಲೇ ಇಳಿದಿತ್ತು. ಪೋರ್ಚುಗೀಸರು ಸೇತುವೆಗಳನ್ನು ಸಿಡಿಸಿ ಹಿಂದೆ ಸರಿಯುತ್ತಿದ್ದರು. 19ರ ರಾತ್ರಿ ಅವರು ಶರಣಾದರು.

ಇಂಥ ಕಾಡಿನಲ್ಲಿ ದೊಡ್ಡ ಸೈನ್ಯಕ್ಕೆ ಕಣ್ಣು, ಕಿವಿ ಎರಡೂ ಪುಟ್ಟ ಗಸ್ತು ತುಕಡಿಯೇ. ಗಸ್ತಿನ ಆ ವಿದ್ಯೆಯನ್ನು ಬೆಳಗಾವಿಯಲ್ಲಿರುವ ಸೇನೆಯ ಜೂನಿಯರ್ ಲೀಡರ್ಸ್ ವಿಂಗ್‌ನಲ್ಲಿ ಇಂದಿಗೂ ಕಲಿಸುತ್ತಾರೆ. ನನಗೆ ಅದರಲ್ಲಿ ಬಹಳ ಹಿಡಿಸುವುದು ಹೊರಡುವ ಮುಂಚಿನ ತಯಾರಿ. ನಾಯಕ ನೆಲದ ಮೇಲೆ ಮರಳಿನಲ್ಲಿ ಊರನ್ನೇ ಎಬ್ಬಿಸುತ್ತಾನೆ: ನೀಲಿ ದಾರ ಹಳ್ಳ, ಎಲೆಚೂರು ಕಾಡು, ಬೆಂಕಿಕಡ್ಡಿ ಸೇತುವೆ. ಯಾರು ಮುಂದೆ, ಯಾರು ಹಿಂದೆ, ದಾರಿ ತಪ್ಪಿದರೆ ಎಲ್ಲಿ ಕೂಡಬೇಕು, ನಾಯಕನೇ ಬಿದ್ದರೆ ಹೊಣೆ ಯಾರದು, ಎಲ್ಲವನ್ನೂ ಪ್ರತಿಯೊಬ್ಬನ ಬಾಯಿಂದ ತಿರುಗಿ ಹೇಳಿಸುತ್ತಾನೆ. ಆಮೇಲೆ ಒಬ್ಬೊಬ್ಬರನ್ನೂ ನಿಂತಲ್ಲೇ ಕುಪ್ಪಳಿಸಲು ಹೇಳುತ್ತಾನೆ. ಏನಾದರೂ ಗಿಲಗಿಲ ಎಂದಿತೋ, ಬಿಗಿಯಾಗಿ ಕಟ್ಟಬೇಕು. ನೀರಿನ ಬಾಟಲಿ ಕಂಠಮಟ್ಟ ತುಂಬಿರಬೇಕು. ಅರ್ಧ ತುಂಬಿದ್ದು ಕತ್ತಲಲ್ಲಿ ಕುಲುಕುತ್ತದೆ.

ಕಾಡಿನಲ್ಲಿ ಮಾತು ಕೈಸನ್ನೆಗೆ ಇಳಿಯುತ್ತದೆ. ಒಬ್ಬ ಹೆಜ್ಜೆ ಎಣಿಸುತ್ತಾನೆ. ನೂರು ಮೀಟರಿಗೊಮ್ಮೆ ಒಂದು ಬೆಣಚುಕಲ್ಲು ಈ ಜೇಬಿನಿಂದ ಆ ಜೇಬಿಗೆ. ಆಗಾಗ ಎಲ್ಲರೂ ಮಂಡಿಯೂರಿ ಸುಮ್ಮನೆ ಕಿವಿಗೊಡುತ್ತಾರೆ. ಎಷ್ಟು ತಾಳ್ಮೆ ಬೇಕು ಅದಕ್ಕೆ! ಹೋದ ದಾರಿಯಲ್ಲಿ ಹಿಂತಿರುಗುವುದಿಲ್ಲ. ಶಿಬಿರ ಮುಟ್ಟಿದ ಮೇಲೂ ನಾಯಕ ಬಾಗಿಲಲ್ಲೇ ನಿಂತು, ಒಳಗೆ ಹೋಗುವ ಪ್ರತಿಯೊಬ್ಬನ ಭುಜ ಮುಟ್ಟಿ ತಲೆ ಎಣಿಸುತ್ತಾನೆ.