‘ಸೆಟ್’ ಮತ್ತು ‘ಹಚ್ಚು’

1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಪದ ‘ಸೆಟ್’. ಕ್ರಿಯಾಪದವಾಗಿ ಅದಕ್ಕೆ 430 ಅರ್ಥಗಳನ್ನು ಎಣಿಸಿದ್ದರು. ಸೂರ್ಯ ಮುಳುಗುವುದೂ ಮೊಸರು ಹೆಪ್ಪುಗಟ್ಟುವುದೂ ಮುರಿದ ಎಲುಬು ಕೂಡಿಸುವುದೂ ಇಂಗ್ಲಿಷಿನವರಿಗೆ ಒಂದೇ ಮಾತು. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಮಾತಿಗೂ ಈ ಪದ ಬಂದು ಬಹಳ ದಿನಗಳಾದವು. ಆದರೆ ಬಂದದ್ದು ಎರಡು ಬೇರೆ ಬಾಗಿಲುಗಳಿಂದ. ಒಂದು ‘ಪಂಪ್‌ಸೆಟ್’ ಎಂಬ ನಾಮಪದ, ಇನ್ನೊಂದು ‘ಸೆಟ್ ಮಾಡು, ಸೆಟ್ ಆಗು’ ಎಂಬ ಕ್ರಿಯಾಪದ. ಮೊದಲನೆಯದು ನಮ್ಮ ಮಾತಿಗೆ ಸೇರ್ಪಡೆಯಾಯಿತು. ಎರಡನೆಯದು ಇದ್ದದ್ದನ್ನು ಕಳೆಯುತ್ತಿದೆ ಎಂಬುದು ನನ್ನ ವಾದ.

ನಾಮಪದದ ಮೇಲೆ ನನಗೆ ತಕರಾರಿಲ್ಲ. ಹೊಲದ ಬೋರಿಗೆ ಮೋಟರು, ಪಂಪು, ಪೈಪು, ಕೇಬಲ್ಲು, ಸ್ಟಾರ್ಟರು ಎಲ್ಲ ಸೇರಿದರೇ ನೀರು ಮೇಲೆ ಬರುತ್ತದೆ. ಒಂದು ಕೈಕೊಟ್ಟರೆ ಉಳಿದವು ಬರಿ ಕಬ್ಬಿಣ. ಈ ಇಡಿಗಂಟಿಗೆ ಒಂದು ಹೆಸರು ಬೇಕಿತ್ತು, ರೈತರು ಅದನ್ನು ‘ಪಂಪ್‌ಸೆಟ್ಟು’ ಎಂದು ಕನ್ನಡದ ಉಕಾರ ಹಚ್ಚಿ ತಮ್ಮದು ಮಾಡಿಕೊಂಡರು. ಇನ್ನೊಂದು ಸಂಗತಿಯೂ ಇದೆ. ಗುಂಪು ಎಂಬ ಅರ್ಥದ ‘ಸೆಟ್’ ಮೂಲದಲ್ಲಿ ಬೇರೆಯದೇ ಪದ. ಅದು ಪಂಥ, ಅನುಯಾಯಿಗಳು ಎಂಬ ಅರ್ಥದ ಲ್ಯಾಟಿನ್ ‘ಸೆಕ್ಟ’ದಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಕ್ರಿಯಾಪದದ ‘ಸೆಟ್’ ಮಾತ್ರ ಹಳೆಯ ಇಂಗ್ಲಿಷಿನ ಸ್ವಂತ ಮಾತು, ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ. ಕೂಡು ಎಂಬುದಕ್ಕೆ ಕೂಡಿಸು ಇದ್ದ ಹಾಗೆ. ಇಂಗ್ಲಿಷ್ ಕಿವಿಗೆ ಈ ಎರಡೂ ಒಂದಾಗಿ ಹೋದವು.

ಆ ಹುಟ್ಟನ್ನು ನೋಡಿದಾಗಲೇ ನಮ್ಮ ಸೀಮೆಯ ಒಂದು ಕ್ರಿಯಾಪದ ಕಣ್ಣಿಗೆ ಬೀಳುತ್ತದೆ: ‘ಹಚ್ಚು’. ಹಳಗನ್ನಡದ ‘ಪತ್ತು’ ಹಕಾರಕ್ಕೆ ತಿರುಗಿ ‘ಹತ್ತು’ ಆಯಿತು. ಹತ್ತುವಂತೆ ಮಾಡುವುದು ‘ಹಚ್ಚು’. ಸಿಟ್–ಸೆಟ್ ಜೋಡಿಯಂಥದೇ ಜೋಡಿ. ಇದರ ಹರವು ನೋಡಿ. ದೀಪ ಹಚ್ಚುತ್ತಾರೆ, ತಲೆಗೆ ಎಣ್ಣೆ ಹಚ್ಚುತ್ತಾರೆ, ಸವಣೂರಿನ ಎಲೆಗೆ ಸುಣ್ಣ ಹಚ್ಚುತ್ತಾರೆ, ಹಾನಗಲ್ಲಿನಲ್ಲಿ ಮಾವಿನ ಗಿಡ ಹಚ್ಚುತ್ತಾರೆ, ಮೆಣಸಿನ ಅಗಿ ಹಚ್ಚುತ್ತಾರೆ, ಹುಡುಗನನ್ನು ಸಾಲಿಗೆ ಹಚ್ಚುತ್ತಾರೆ, ಆಳನ್ನು ಕೆಲಸಕ್ಕೆ ಹಚ್ಚುತ್ತಾರೆ. ಎಲ್ಲದರಲ್ಲೂ ಒಂದನ್ನು ಇನ್ನೊಂದಕ್ಕೆ ತಾಗಿಸಿ ಅದು ಅಲ್ಲೇ ಹಿಡಿಯುವಂತೆ ಮಾಡುವ ಕೈಯಿದೆ. ಹೆಬ್ಬೆರಳಿನಷ್ಟು ತಗ್ಗು ತೆಗೆದು, ಬೇರು ಮಡಿಚದಂತೆ ಅಗಿ ಇಳಿಸಿ, ಸುತ್ತಲಿನ ಮಣ್ಣನ್ನು ಎರಡು ಬೆರಳಿನಿಂದ ಒತ್ತುವುದು ‘ಹಚ್ಚು’. ನಾಲ್ಕು ದಿನಕ್ಕೆ ಬಾಡಿದ ಸುಳಿ ಎದ್ದು ನಿಂತರೆ ಅಗಿ ‘ಹತ್ತಿತು’. ಮಾಡಿದವರ ಕೆಲಸ ಒಂದು ಪದದಲ್ಲಿ, ಮಣ್ಣು ಕೊಟ್ಟ ಉತ್ತರ ಇನ್ನೊಂದರಲ್ಲಿ. ಜೋರು ಮಳೆ ಬಿಡದೆ ಸುರಿಯತೊಡಗಿದರೆ ‘ಮಳಿ ಹತ್ತೈತಿ’.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ತೂಕದ್ದೇ. ‘ಹಚ್ಚು’ವಿಗೆ ಹತ್ತಾರು ಅರ್ಥ ಇರುವುದು ಸಿರಿತನವಾದರೆ ‘ಸೆಟ್’ಗೆ ಇರುವುದು ದೋಷ ಹೇಗೆ? ಇಂಗ್ಲಿಷಿನಲ್ಲಿ ಅದು ದೋಷವೇ ಅಲ್ಲ. ಅಲ್ಲಿ ‘ಸೆಟ್’ ತನ್ನ ಹಿಂದೆ ಮುಂದೆ ಬರುವ ಪುಟ್ಟ ಪದಗಳ ಬಲದಿಂದ ಅರ್ಥ ಬದಲಿಸುತ್ತದೆ. ನಮ್ಮ ‘ಹಚ್ಚು’ವಿಗೆ ಆ ಬಲ ವಿಭಕ್ತಿಯಿಂದ ಬರುತ್ತದೆ: ಎಲೆಗೆ, ಸಾಲಿಗೆ, ಕೆಲಸಕ್ಕೆ. ಇತ್ತ ಬಂದ ‘ಸೆಟ್’ ಆ ಪುಟ್ಟ ಪದಗಳನ್ನು ಅಲ್ಲೇ ಬಿಟ್ಟು ಬಂದಿದೆ, ನಮ್ಮ ವಿಭಕ್ತಿಗೂ ಒಗ್ಗಿಲ್ಲ. ಹಾಗಾಗಿ ‘ಲಗ್ನ ಸೆಟ್ ಆತು, ರೇಟ್ ಸೆಟ್ ಆತು, ಆ ಊರಿನ ನೀರು ಸೆಟ್ ಆಗವಲ್ದು’ ಎಂದಾಗ ಕೇಳುವವರಿಗೆ ಸಿಗುವುದು ಒಂದೇ ಮಸುಕು ಅರ್ಥ, ಎಲ್ಲ ಸರಿಹೋಯಿತು ಅಥವಾ ಹೋಗಲಿಲ್ಲ. ಲಗ್ನ ಗಟ್ಟಿಯಾಗುವುದರ ಹಿಂದೆ ಹಿರಿಯರ ಮಾತುಕತೆ ಇದೆ. ದರ ಕುದುರುವುದರ ಹಿಂದೆ ಚೌಕಾಶಿ ಇದೆ. ನೀರು ಒಗ್ಗುವುದಕ್ಕೆ ಮೈಯೇ ದಿನ ತೆಗೆದುಕೊಳ್ಳಬೇಕು. ಮೂರು ಕ್ರಿಯಾಪದಗಳು ಹೇಳುತ್ತಿದ್ದ ಈ ಭೇದವನ್ನು ‘ಸೆಟ್’ ಅಳಿಸುತ್ತದೆ.

‘ಹಚ್ಚು’ವಿನ ಈ ಹರವು ಬರಿ ಈ ಕಡೆಯದು, ಮೈಸೂರಿನವರಿಗೆ ತಿಳಿಯದು ಎನ್ನುವವರೂ ಇದ್ದಾರೆ. ದೀಪ ಹಚ್ಚುವುದು ಕನ್ನಡ ನಾಡಿಗೆಲ್ಲ ಗೊತ್ತು. ಅಲ್ಲಿಂದ ಗಿಡ ಹಚ್ಚುವುದಕ್ಕೆ ದಾರಿ ದೂರವಿಲ್ಲ. ನನಗೆ ಹೆಚ್ಚು ಕಾಡುವುದು ಇಲ್ಲಿಯ ತರಗತಿಗಳು. ಗಣಿತದಲ್ಲಿ ‘ಸೆಟ್’ ಅಂದರೆ ‘ಗಣ’, ಅದು ಸರಿಯಾದ ಪಾರಿಭಾಷಿಕ. ಆದರೆ ಇಂಗ್ಲಿಷ್ ಪಾಠದಲ್ಲಿ ಅದೇ ಪದಕ್ಕೆ ‘ಸ್ಥಾಪಿಸು’ ಎಂದು ಬರೆಸಿದರೆ ಹಿರೇಕೆರೂರಿನ ಮಗುವಿಗೆ ಒಂದರ ಬದಲು ಎರಡು ಅಪರಿಚಿತ ಪದ ಸಿಕ್ಕಂತೆ. ಬೆಂಕಿ ಹಚ್ಚು, ಕೆಲಸಕ್ಕೆ ಹಚ್ಚು, ಎಲುಬು ಕೂಡಿಸು, ಹರಳು ಕೂಡಿಸು, ಅಲಾರಾಂ ಇಡು ಎಂದು ಅದಕ್ಕೆ ಗೊತ್ತಿರುವ ಮಾತಿನಿಂದಲೇ ತೋರಿಸಿದರೆ ‘ಸೆಟ್’ ಹೇಗೆ ಕವಲೊಡೆಯುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ಹಳೆಯ ಕ್ರಿಯಾಪದ ಹೊಸ ವಸ್ತುವನ್ನು ಹಿಡಿಯಲಾರದು ಎಂಬ ಮಾತಿಗೆ ಉತ್ತರ ಈ ನಾಲ್ಕೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತದೆ. ಕಿಸೆಯಿಂದ ಮೊಬೈಲು ತೆಗೆದವರು ‘ಅವಂಗ ಒಂದ್ ಫೋನ್ ಹಚ್ಚು’ ಎನ್ನುತ್ತಾರೆ. ಸಿಗ್ನಲ್ ಇಲ್ಲದಿದ್ದರೆ ‘ಹಚ್ಚೇನಿ, ಹತ್ತವಲ್ದು’ ಎನ್ನುತ್ತಾರೆ.