ಒಳ್ಳೆಯ ಹುಡುಗನಿಗಷ್ಟೇ ಸಾಕ್ಷಿಯೇ?

ಕೊಲೆಯ ಕತೆಯೊಂದನ್ನು ಮುಂದಿಟ್ಟುಕೊಂಡು ವಿಮರ್ಶೆ ಬರೆಯಹೊರಟರೆ ಹುಬ್ಬೇರಿಸುವವರು ಇಂದಿಗೂ ಇದ್ದಾರೆ. ಪತ್ತೇದಾರಿ ಎಂದರೆ ಬಸ್ ನಿಲ್ದಾಣದಲ್ಲಿ ಕೊಂಡು, ಊರು ತಲುಪುವಷ್ಟರಲ್ಲಿ ಓದಿ ಮುಗಿಸಿ, ಸೀಟಿನ ಮೇಲೆಯೇ ಬಿಟ್ಟು ಇಳಿಯುವ ಸರಕು ಎಂಬುದು ಹಳೆಯ ನಂಬಿಕೆ. ನಾವೂ ಹಾಗೆ ನಂಬಿದ್ದವರೇ. ಬೆಂಗಳೂರಿನಲ್ಲಿ ಪಿಯುಸಿ ಓದುತ್ತಿರುವ ತಂಗಿಯ ಮಗಳು ರಜೆಗೆಂದು ಸಾದಲಿಗೆ ಬಂದಾಗ ಚೀಲದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆಗೆದು ನಮ್ಮ ಮುಂದಿಟ್ಟಳು. "ಇದನ್ನ ಓದಿ ಮಾಮು. ನಿಮ್ಮ ಕತೆಗಳಲ್ಲಿ ಮುದುಕರಿದ್ದಾರೆ, ಸಣ್ಣ ಮಕ್ಕಳಿದ್ದಾರೆ. ನಮ್ಮ ವಯಸ್ಸಿನವರು ಒಬ್ಬರೂ ಇಲ್ಲ" ಎಂದಳು. ಕತೆಗಾರನಾದವನು ಇಂಥ ಮಾತನ್ನು ಕೇಳಿಸಿಕೊಳ್ಳದಂತೆ ಇರುವುದು ಕಷ್ಟ. ಓದಿದೆವು. ಓದುತ್ತಾ ಓದುತ್ತಾ ನಮಗೆ ಆದ ಇರುಸುಮುರುಸು ಈ ಬರಹಕ್ಕೆ ಕಾರಣ.

ಪುಸ್ತಕದ ಹೆಸರು 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್'. 2019ರಲ್ಲಿ ಬಂದ ಈ ಕಾದಂಬರಿಯನ್ನು ಬರೆದವರು ಇಂಗ್ಲೆಂಡಿನ ಹಾಲಿ ಜಾಕ್ಸನ್. ಬಿಬಿಸಿ ಇದನ್ನು 2024ರಲ್ಲಿ ಆರು ಕಂತುಗಳ ಧಾರಾವಾಹಿಯಾಗಿಯೂ ತೋರಿಸಿತು. ಕತೆ ನಡೆಯುವುದು ಲಿಟಲ್ ಕಿಲ್ಟನ್ ಎಂಬ ಪುಟ್ಟ ಊರಿನಲ್ಲಿ. ಐದು ವರ್ಷಗಳ ಹಿಂದೆ ಅಲ್ಲಿ ಆ್ಯಂಡಿ ಬೆಲ್ ಎಂಬ ಚೆಲುವೆ ಕಾಣೆಯಾಗಿದ್ದಾಳೆ. ಅವಳ ಗೆಳೆಯ ಸಾಲ್ ಸಿಂಗ್ ಭಾರತೀಯ ಮೂಲದ ಹುಡುಗ. ಅವನ ಹೆಣ ಕಾಡಿನಲ್ಲಿ ಸಿಕ್ಕಿದೆ. ಅವನೇ ಅವಳನ್ನು ಕೊಂದು ತಾನೂ ಸತ್ತ ಎಂದು ಪೊಲೀಸರು ಕಡತ ಮುಚ್ಚಿದ್ದಾರೆ, ಊರು ಬಾಯಿ ಮುಚ್ಚಿದೆ. ಹದಿನೇಳರ ಪಿಪ್ ಎಂಬ ಹುಡುಗಿ ಮಾತ್ರ ಇದನ್ನು ನಂಬದೆ, ಶಾಲೆಯ ಪ್ರಾಜೆಕ್ಟಿನ ನೆಪದಲ್ಲಿ ಸಾಲ್‌ನ ತಮ್ಮ ರವಿಯೊಡನೆ ಸೇರಿ ಪ್ರಕರಣವನ್ನು ಮತ್ತೆ ಬಗೆಯುತ್ತಾಳೆ.

ಕೊಂದವರು ಯಾರೆಂದು ನಾವಿಲ್ಲಿ ಹೇಳುವುದಿಲ್ಲ. ಅದು ಈ ಪುಸ್ತಕದ ಬಹುಮುಖ್ಯ ಸಂಗತಿಯೂ ಅಲ್ಲ. ನಮ್ಮನ್ನು ತಡೆದು ನಿಲ್ಲಿಸಿದ್ದು ಬೇರೆ. ಆ್ಯಂಡಿ ಕಾಣೆಯಾದ ರಾತ್ರಿ ಸಾಲ್ ತನ್ನ ಗೆಳೆಯರೊಡನೆ ಇದ್ದ. ಗೆಳೆಯರು ಮೊದಲು ಹಾಗೆಂದೇ ಹೇಳಿದ್ದರು. ಆಮೇಲೆ ಎಲ್ಲರೂ ಒಟ್ಟಾಗಿ ಮಾತು ಬದಲಿಸಿದರು, ಅವನು ಬೇಗನೆ ಹೊರಟುಹೋಗಿದ್ದ ಎಂದರು. ಅವನ ಮೇಲಿನ ದ್ವೇಷ ಇದಕ್ಕೆ ಕಾರಣವಲ್ಲ. ಅವರೆಲ್ಲ ಸೇರಿ ಹಿಂದೆ ಮಾಡಿ ಮುಚ್ಚಿಟ್ಟಿದ್ದ ತಪ್ಪೊಂದು ಇತ್ತು. ಅದನ್ನು ಬಲ್ಲ ಯಾರೋ, ಬಯಲು ಮಾಡುತ್ತೇನೆಂದು ಬೆದರಿಸಿದರು. ತಮ್ಮ ತಲೆ ಉಳಿಸಿಕೊಳ್ಳಲು ಅವರು ಗೆಳೆಯನ ಸಾಕ್ಷಿಯನ್ನು ಹಿಂದಕ್ಕೆ ಪಡೆದರು, ಅಷ್ಟೆ. ಕೆಲವೇ ದಿನಗಳಲ್ಲಿ ಸಾಲ್ ಸತ್ತ. ಗೆಳೆಯರ ಗುಂಪು ಹಾಗೂ ಹೀಗೂ ಉಳಿಯಿತು, ಆದರೆ ಒಬ್ಬರನ್ನೊಬ್ಬರು ನೋಡಲಾಗದೆ ಉಳಿಯಿತು. ನವೋಮಿ ಎಂಬ ಹುಡುಗಿಯಂತೂ ಒಳಗೊಳಗೇ ಗೆದ್ದಲು ಹಿಡಿದ ಮರದಂತಾಗಿದ್ದಾಳೆ. ಒಂದು ಗೆಳೆತನ ಹೇಗೆ ಕೊಳೆಯುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಬರೆದಿರುವ ಪುಸ್ತಕವನ್ನು ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿಯಲಾಗದು.

ಸಿಂಗ್ ಕುಟುಂಬದ ಮನೆಯ ಚಿತ್ರವೂ ಹಾಗೆಯೇ ಉಳಿಯುತ್ತದೆ. ಊರ ಮಕ್ಕಳಿಗೆ ಅದು ದೆವ್ವದ ಮನೆ. ಗೇಟು ಮುಟ್ಟಿ ಓಡಿಬರುವುದು ಅವರಿಗೊಂದು ಪಂದ್ಯ. ತೀರ್ಪು ನೀಡಬೇಕಾದ ನ್ಯಾಯಾಲಯ ಕುಳಿತೇ ಇಲ್ಲ, ಶಿಕ್ಷೆಯನ್ನು ಮಾತ್ರ ಅಪ್ಪ, ಅಮ್ಮ, ತಮ್ಮ ಐದು ವರ್ಷಗಳಿಂದ ಅನುಭವಿಸುತ್ತಿದ್ದಾರೆ. ಇದನ್ನು ಓದಲು ಇಂಗ್ಲೆಂಡಿಗೆ ಹೋಗಬೇಕೆ ಎಂದು ಈ ಪತ್ರಿಕೆಯ ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಒಬ್ಬನ ಹೆಸರು ಠಾಣೆಯಲ್ಲಿ ಬರೆಯಲ್ಪಟ್ಟ ದಿನ ಅವನ ಮನೆಯ ಬೀದಿಗೆ ಹಾಲಿನವನ ಸೈಕಲ್ಲೂ ನಿಧಾನವಾಗಿ ಬರುತ್ತದೆ ಎಂಬುದು ನಮ್ಮಲ್ಲಿ ಹಲವರು ಕಂಡದ್ದೇ.

ಇಷ್ಟು ಮೆಚ್ಚಿದ ಮೇಲೂ ನಮಗೊಂದು ತಕರಾರಿದೆ. ಪಿಪ್ ಸಾಲ್‌ನನ್ನು ನಿರಪರಾಧಿ ಎಂದು ನಂಬುವುದು ಏಕೆ? ಅವಳು ಚಿಕ್ಕವಳಿದ್ದಾಗ ಕೀಟಲೆ ಮಾಡುತ್ತಿದ್ದವರಿಂದ ಅವನು ಅವಳನ್ನು ಬಿಡಿಸಿದ್ದ. ಅವನು ಓದಿನಲ್ಲಿ ಮುಂದು, ಮಾತಿನಲ್ಲಿ ಮೃದು, ಯಾರಿಗೂ ಕೇಡು ಬಗೆದವನಲ್ಲ. ಪುಸ್ತಕ ಮುಗಿಯುವವರೆಗೂ ಅವನ ಅಂಗಿಗೆ ಒಂದು ಕಲೆಯೂ ಹತ್ತುವುದಿಲ್ಲ. ಅದೇ ಆ್ಯಂಡಿಯನ್ನು ನೋಡಿ. ಆಕೆ ಮಾದಕವಸ್ತು ಮಾರುತ್ತಿದ್ದಳು, ಇನ್ನೊಬ್ಬ ಹುಡುಗಿಯನ್ನು ಕ್ರೂರವಾಗಿ ಪೀಡಿಸಿದ್ದಳು, ಸುಳ್ಳುಗಾತಿ. ಆದರೂ ಅವಳ ಮನೆಯ ಕತ್ತಲು ಎಂಥದ್ದಿತ್ತು ಎಂದು ಕಾದಂಬರಿ ಕೇಳುತ್ತದೆ, ಅವಳಿಗಾಗಿ ಮರುಗುತ್ತದೆ. ಕೇಳಬೇಕಾದದ್ದೇ, ಮರುಗಬೇಕಾದದ್ದೇ. ನಮ್ಮ ಪ್ರಶ್ನೆ ಇಷ್ಟು: ಆ ಬಿಳಿಯ ಹುಡುಗಿಗೆ ಕೆಟ್ಟವಳಾಗಿಯೂ ನ್ಯಾಯ ಪಡೆಯುವ ಅವಕಾಶವಿದೆ, ಕಂದು ಬಣ್ಣದ ಹುಡುಗನಿಗೆ ಏಕಿಲ್ಲ? ಅವನು ಫೇಲಾದವನಾಗಿದ್ದರೆ, ಮುಂಗೋಪಿಯಾಗಿದ್ದರೆ, ಪಿಪ್‌ಳೊಡನೆ ಒಮ್ಮೆ ಒರಟಾಗಿ ಮಾತಾಡಿದ್ದರೆ, ಪ್ರಾಜೆಕ್ಟಿಗೆ ಅವಳು ಬೇರೆ ವಿಷಯ ಆರಿಸಿಕೊಳ್ಳುತ್ತಿದ್ದಳೇನೋ.

ಕನ್ನಡದಲ್ಲಿ ಇಂಥದ್ದು ಇಲ್ಲವೇ ಎಂದು ಹುಡುಗಿ ಕೇಳಿದಳು. ತಕ್ಷಣಕ್ಕೆ ಹೇಳಲು ತೋಚಲಿಲ್ಲ. ನಾವು ಬೆಳೆದ ಮನೆಯಲ್ಲಿ ಎರಡು ಭಾಷೆಯ ಪತ್ತೇದಾರರಿದ್ದರು. ಅಬ್ಬಾ ಅವರ ಟ್ರಂಕಿನಲ್ಲಿ ಇಬ್ನೆ ಸಫಿ, 1952ರಲ್ಲಿ ಅಲಹಾಬಾದಿನಿಂದ ಹೊರಡಲು ಶುರುವಾದ 'ಜಾಸೂಸಿ ದುನಿಯಾ'ದ ಕರ್ನಲ್ ಫರೀದಿ ಮತ್ತು ಕ್ಯಾಪ್ಟನ್ ಹಮೀದ್. ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಎನ್. ನರಸಿಂಹಯ್ಯ, ಅವರ ಪತ್ತೇದಾರ ಪುರುಷೋತ್ತಮ. ನಾಲ್ಕನೆಯ ತರಗತಿಯವರೆಗಷ್ಟೇ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರಿಗೆ ಕನ್ನಡ ವಿಮರ್ಶೆ ಒಂದು ಪುಟ ಕೊಡಲೂ ಹಿಂದೆಮುಂದೆ ನೋಡಿತು. ಅದು ಬೇರೆಯೇ ಜಗಳ, ಇಲ್ಲಿ ಬೇಡ. ಇವರಿಬ್ಬರ ಲೋಕದಲ್ಲೂ ಪತ್ತೇದಾರ ಪ್ರಾಯದ ಗಂಡಸು, ಕೊಲೆಗೆ ಕಾರಣ ಬಹುಮಟ್ಟಿಗೆ ಆಸ್ತಿ, ಹಣ ಅಥವಾ ದೇಶದ ಗುಟ್ಟು. ಹದಿನಾರರ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸವಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಯೋಜನೆಯಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಆದರೆ ಸದಸ್ಯರಾದ ಮಕ್ಕಳು ಮೀಸೆ ಚಿಗುರುವ ವಯಸ್ಸಿಗೆ ಬಂದಾಗ ಕಪಾಟಿನಲ್ಲಿ ಅವರಿಗೆಂದು ಏನಿದೆ? ಕಾಗಕ್ಕ ಗುಬ್ಬಕ್ಕ ಮುಗಿದ ಕೂಡಲೇ ಕಾರಂತರು, ಭೈರಪ್ಪನವರು. ನಡುವೆ ಸೇತುವೆಯಿಲ್ಲದ ಹಳ್ಳ.

ಕೊನೆಗೆ ನೆನಪಾದದ್ದು ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'. 1985ರಲ್ಲಿ ಬಂದು 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯನ್ನು ಯಾರೂ ಎಳೆಯರ ಕೊಲೆ ಕಾದಂಬರಿ ಎಂದು ಕರೆದದ್ದಿಲ್ಲ. ಆದರೆ ಅದರಲ್ಲಿ ಸಂಶಯಾಸ್ಪದ ಸಾವಿದೆ, ಏಲಕ್ಕಿ ವಿಜ್ಞಾನಿ ಜೋಗಿಹಾಳರದು. ತನಿಖೆಗೆ ಬಂದ ಗುಪ್ತಚರ ಅಧಿಕಾರಿ ಅಂಗಾಡಿ ಇದ್ದಾನೆ. ಕ್ರಾಂತಿಯ ಕನಸು ಕಾಣುವ ಕಾಲೇಜು ಹುಡುಗರ ಗುಂಪಿದೆ. ರಫಿ ಮತ್ತು ಜಯಂತಿಯರ ಪ್ರೀತಿಯಿದೆ. ಅಧಿಕಾರಿ ಏಲಕ್ಕಿಯ ಇಳುವರಿ ಬಿದ್ದದ್ದೇಕೆಂದು ಲೆಕ್ಕ ಹಾಕುತ್ತಾ ಕೆಸರೂರಿನ ಬೀದಿಗಳಲ್ಲಿ ಅಲೆಯುವಾಗ, ಆ ಊರಿನಲ್ಲಿ ನಿಜಕ್ಕೂ ಸಾಯುತ್ತಿರುವುದು ಒಟ್ಟಿಗೆ ಓದಿದವರು, ಒಟ್ಟಿಗೆ ನಕ್ಕವರು ಒಟ್ಟಿಗೇ ಇರಬಹುದು ಎಂಬ ನಂಬಿಕೆ. ಹುಡುಗರ ಜಗಳವನ್ನು ದೊಡ್ಡವರು ಎತ್ತಿಕೊಳ್ಳುತ್ತಾರೆ, ದೊಡ್ಡವರ ಕೈಗೆ ಹೋದ ಮೇಲೆ ಅದಕ್ಕೆ ಧರ್ಮದ ಬಣ್ಣ ಬರುತ್ತದೆ. ಕೊನೆಗೆ ಗುಡ್ಡವನ್ನೆಲ್ಲ ಆವರಿಸಿದ ಲಾಂಟಾನದ ಪೊದೆಗೆ ಬೆಂಕಿ ಬಿದ್ದು ಊರೇ ಉರಿಯುವಾಗ, ಕೊಂದವರಾರೆಂಬ ಪ್ರಶ್ನೆಗೆ ಬೆಲೆಯೇ ಉಳಿಯುವುದಿಲ್ಲ. ತೇಜಸ್ವಿ ಇದನ್ನು ಬರೆದಾಗ ಬಾಬರಿ ಮಸೀದಿ ಇನ್ನೂ ಬಿದ್ದಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ತೇಜಸ್ವಿಯವರ ಹೆಚ್ಚುಗಾರಿಕೆ ಕಾಣುತ್ತದೆ. ಜಾಕ್ಸನ್ ಅವರ ಊರಿನಲ್ಲಿ ಸತ್ಯ ಹೊರಬಂದರೆ ಗಾಯ ಮಾಯುತ್ತದೆ ಎಂಬ ಭರವಸೆ ಮೊದಲ ಪುಸ್ತಕದ ಕೊನೆಯಲ್ಲಿದೆ. ಕೆಸರೂರಿಗೆ ಆ ಭರವಸೆಯಿಲ್ಲ. ಅಲ್ಲಿ ಸತ್ಯ ಗೊತ್ತಿಲ್ಲವೆಂದು ಯಾರೂ ಕೆಟ್ಟಿಲ್ಲ. ಗೊತ್ತಿದ್ದೂ ತಮ್ಮ ತಮ್ಮ ಲಾಭ ನೋಡಿಕೊಂಡು ಕೆಟ್ಟಿದ್ದಾರೆ.

ಆದರೆ ನಮ್ಮ ತಕರಾರಿನಿಂದ ತೇಜಸ್ವಿಯವರೂ ಪೂರ್ತಿ ಪಾರಾಗುವುದಿಲ್ಲ. ಹುಡುಗಿ ಓದಿ ಮುಗಿಸಿ ಹೇಳಿದ ಮೊದಲ ಮಾತು, "ರಫಿ ಸುಮ್ನೆ ಒಳ್ಳೆಯವನು ಮಾಮು, ನೆನಪಲ್ಲಿ ಉಳಿಯೋದು ಬ್ಯಾರಿ." ನಿಜ. ಮರದ ಧಂಧೆಯ ಸುಲೇಮಾನ್ ಬ್ಯಾರಿ ಪುಟದಿಂದ ಎದ್ದು ಬಂದು ನಮ್ಮ ಜಗಲಿಯ ಮೇಲೆ ಕೂರುತ್ತಾನೆ. ಅವನ ಲೆಕ್ಕಾಚಾರ, ಅವನ ಜಾಣತನ, ಅವನ ಭಯ ಎಲ್ಲಕ್ಕೂ ಉಸಿರಿದೆ. ರಫಿಗೆ ಅಷ್ಟು ಉಸಿರು ಸಿಕ್ಕಿಲ್ಲ. ಪ್ರೀತಿಸುವುದಕ್ಕೆ ಅವನು ಮೊದಲು ಒಳ್ಳೆಯವನಾಗಬೇಕು ಎಂಬ ಷರತ್ತು ಎಲ್ಲೋ ಕೆಲಸ ಮಾಡಿದೆ ಎಂದು ನಮಗೆ ಅನ್ನಿಸಿತು. ಬ್ಯಾರಿಯಂಥವನನ್ನು ಸಲಿಗೆಯಿಂದ ಬರೆಯುವ ಧೈರ್ಯ ಆ ಕಾಲದ ಬೇರೆ ಲೇಖಕರಲ್ಲಿ ವಿರಳವಾಗಿತ್ತು ಎಂಬುದನ್ನೂ ಇದರ ಜೊತೆಗೇ ಹೇಳಬೇಕು.

ತೇಜಸ್ವಿಯವರನ್ನಾಗಲಿ ಜಾಕ್ಸನ್ ಅವರನ್ನಾಗಲಿ ಕಟಕಟೆಗೆ ಹತ್ತಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಬೊಳುವಾರು, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ತಮ್ಮ ಜನರ ಕೊಳೆಯನ್ನೂ ಬೆಳಕನ್ನೂ ಅಂಜದೆ ಬರೆದರು. ಅವರ ಹಿಂದೆ ಬಂದ ನಮ್ಮಂಥ ಹಲವರು, ಪತ್ರಿಕೆಗಳ ಮೊದಲ ಪುಟ ನಮ್ಮನ್ನು ಬೈಯುತ್ತಿದ್ದ ವರ್ಷಗಳಲ್ಲಿ, ಸಾಬರ ಹುಡುಗನೆಂದರೆ ಪಾರಿವಾಳ ಸಾಕುವ, ಅಮ್ಮಿಯ ಕಾಲು ಒತ್ತುವ, ಪಕ್ಕದ ಮನೆಯ ಅಜ್ಜಿಗೆ ರಕ್ತ ಕೊಡುವ ಹುಡುಗನನ್ನೇ ಬರೆದೆವು. ನಮ್ಮ ಮೊದಲ ಸಂಕಲನದಲ್ಲೇ ಅಂಥವನೊಬ್ಬನಿದ್ದಾನೆ. ಅವನು ಎಲ್ಲಿಂದ ಬಂದ ಎಂಬುದನ್ನು ಈ ಪುಸ್ತಕ ಓದಿದ ಮೇಲೆ ಹೇಳದೆ ಇರಲಾಗುತ್ತಿಲ್ಲ.

ಹೈಸ್ಕೂಲಿನಲ್ಲಿ ನಾವು ನಾಲ್ವರು ಗೆಳೆಯರು. ಮೂವರು ಮೇಷ್ಟರ, ಗುಮಾಸ್ತರ ಮನೆಯವರು. ನಾಲ್ಕನೆಯವನ ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೂಲಿ. ಅವನ ಅಂಗಿಗೆ ಬೇಯಿಸಿದ ಗೂಡಿನ ವಾಸನೆ ಸದಾ ಇರುತ್ತಿತ್ತು. ಒಂದು ಸಂಜೆ ಪ್ರವಾಸಕ್ಕೆಂದು ಕೂಡಿಸಿದ್ದ ಹಣ ಶಾಲೆಯಲ್ಲಿ ಕಾಣೆಯಾಯಿತು. ಮರುದಿನ ಬೆಳಿಗ್ಗೆ ಅವನನ್ನು ನಿಲ್ಲಿಸಿ ಕೇಳಿದರು, ಹೊಡೆದರು. ಆ ಸಂಜೆಯೆಲ್ಲ ಅವನು ನಮ್ಮೊಡನೆ ಕೆರೆ ಏರಿಯ ಆಚೆ ಇದ್ದ. ಅವನು ತಂದಿದ್ದ ಬೀಡಿಯನ್ನು ನಾಲ್ವರೂ ಹಂಚಿಕೊಂಡು ಸೇದುತ್ತಿದ್ದೆವು. ಹಾಗೆಂದು ಹೇಳಿದರೆ ಬೀಡಿಯ ಮಾತು ಬರುತ್ತಿತ್ತು. ನಾವು ಮೂವರೂ ನೆಲ ನೋಡುತ್ತಾ ನಿಂತೆವು. ಅವನು ಒಮ್ಮೆ ನಮ್ಮತ್ತ ನೋಡಿದ, ನಮ್ಮ ಹೆಸರು ಹೇಳಲಿಲ್ಲ. ಒಂದು ವಾರದ ನಂತರ ಶಾಲೆ ಬಿಟ್ಟು ಅಪ್ಪನ ಜೊತೆ ಒಲೆಯ ಮುಂದೆ ಕೂತ. ಹಣ ಯಾರು ತೆಗೆದರೆಂಬುದು ಕೊನೆಗೂ ತಿಳಿಯಲಿಲ್ಲ. ಉಳಿದ ಮೂವರ ಗೆಳೆತನವೂ ಆ ವರ್ಷ ದಾಟಲಿಲ್ಲ. ಇಂದು ಎದುರಾದರೆ ಸಲಾಂ, ನಮಸ್ಕಾರ, ಅಷ್ಟೆ.

ಹತ್ತು ವರ್ಷದ ಮೇಲೆ ಅವನ ಕತೆ ಬರೆದಾಗ ನಾವು ಮಾಡಿದ್ದೇನು? ಅವನನ್ನು ಕ್ಲಾಸಿಗೇ ಮೊದಲಿಗನನ್ನಾಗಿ ಮಾಡಿದೆವು. ನಿಜದಲ್ಲಿ ಅವನು ಗಣಿತದಲ್ಲಿ ಎರಡಂಕಿ ದಾಟಿದವನಲ್ಲ, ಶುಕ್ರವಾರ ಮಧ್ಯಾಹ್ನ ನಮಾಜಿನ ನೆಪ ಹೇಳಿ ಸಿನಿಮಾಕ್ಕೆ ಹೋಗುತ್ತಿದ್ದವನು. ಆ ಹುಡುಗನಿಗಾಗಿ ಓದುಗರು ಅಳಲಾರರು ಎಂದು ನಮಗೆ ಭಯವಿತ್ತು. ಅವನ ನಿರಪರಾಧಕ್ಕೆ ಸಾಕ್ಷಿ ಬೇಕಾಗಿದ್ದದ್ದು ಅವನು ಅಲ್ಲಿರಲಿಲ್ಲ ಎಂಬ ಒಂದೇ ಸಂಗತಿಗೆ. ನಾವು ಅದನ್ನು ಬಿಟ್ಟು ಅವನ ಗುಣನಡತೆಗೆ ಸರ್ಟಿಫಿಕೇಟು ಬರೆದೆವು.

ಜಾಕ್ಸನ್ ಅವರ ಸರಣಿಯ ಮೂರನೆಯ ಪುಸ್ತಕ 'ಆ್ಯಸ್ ಗುಡ್ ಆ್ಯಸ್ ಡೆಡ್' (2021) ಇಲ್ಲಿ ಬಹಳ ಕುತೂಹಲಕರ. ಮೊದಲೆರಡಕ್ಕಿಂತ ಇದು ತುಂಬ ಕರಾಳ. ಅದರಲ್ಲಿ ಪಿಪ್‌ಳ ಕೈಯಿಂದಲೇ ಆಗಬಾರದ್ದು ಆಗಿಹೋಗುತ್ತದೆ. ಆ ರಾತ್ರಿ ಅವಳು ಗೆಳೆಯರ ಬಾಗಿಲು ಬಡಿಯುತ್ತಾಳೆ, ಏನಾಯಿತೆಂದು ಕೇಳಬೇಡಿ, ನನ್ನ ಜೊತೆಗಿದ್ದೆವು ಎನ್ನಿ ಎಂದು ಬೇಡುತ್ತಾಳೆ. ಅವರು ಕೇಳುವುದಿಲ್ಲ, ಜೊತೆಗೆ ನಿಲ್ಲುತ್ತಾರೆ. ಅವರಲ್ಲಿ ನವೋಮಿಯೂ ಇದ್ದಾಳೆ. ಏನೂ ಮಾಡದ ಸಾಲ್‌ಗೆ ಇದ್ದ ಸಾಕ್ಷಿಯನ್ನೂ ಹಿಂತೆಗೆದುಕೊಂಡವಳು, ಮಾಡಿದ ಪಿಪ್‌ಗೆ ಇಲ್ಲದ ಸಾಕ್ಷಿಯಾಗುತ್ತಾಳೆ. ಈ ಪುಟಕ್ಕೆ ಬಂದು ನಾವು ಪುಸ್ತಕ ಮಡಚಿಟ್ಟೆವು. ಹುಡುಗಿ ಇದನ್ನು ಒಪ್ಪಲಿಲ್ಲ. ಅಂದು ಸಾಲ್‌ಗೆ ಮಾಡಿದ ದ್ರೋಹಕ್ಕೆ ನವೋಮಿ ಇಂದು ಸಾಲ ತೀರಿಸುತ್ತಿದ್ದಾಳೆ ಎಂಬುದು ಅವಳ ವಾದ. ಸಾಲ ಕೊಟ್ಟವನು ಸತ್ತಿರುವಾಗ ಬೇರೆಯವರ ಕೈಗೆ ಹಣ ಕೊಟ್ಟರೆ ತೀರುತ್ತದೆಯೇ ಎಂದು ನಾವು ಕೇಳಿದೆವು. ಸಂಜೆಯ ಬಸ್ಸು ಬರುವವರೆಗೆ ಅದೇ ಮಾತು.

ಹೊರಡುವ ಮುನ್ನ ಅವಳು ನಮ್ಮ ಹಳೆಯ ಸಂಕಲನವನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ವಾರದ ನಂತರ ಫೋನಿನಲ್ಲಿ ಕೇಳಿದಳು: "ಮಾಮು, ನಿಮ್ಮ ಕತೆಯ ಆ ಹುಡುಗ ಬೀಡಿ ಸೇದೋದೇ ಇಲ್ವಲ್ಲ?" ಇಲ್ಲ ಎಂದೆವು. ಕೆರೆ ಏರಿಯಲ್ಲಿ ಅವರು ಕೂತು ಪಾಠ ಓದುತ್ತಿದ್ದರೆಂದು ಬರೆದಿದ್ದೇವೆ. ಸಂಕಲನ ಮರುಮುದ್ರಣವಾಗುವ ಮಾತಿದೆ, ಆ ಪುಟವನ್ನು ತಿದ್ದಿ ಕೊಡಬೇಕು.